ಯಂತ್ರದ ಸೊಂಟ ಹಿಡಿಯುವ ಬ್ರೇಕು

ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಸಿಂಧನೂರಿಗೆ ಬರುವ 150-ಎ ಹೆದ್ದಾರಿಯಲ್ಲಿ ಓಡಾಡಿದವರಿಗೆ, ಉದ್ದನೆಯ ಲಾರಿಯ ಬೆನ್ನೇರಿ ಕತ್ತು ಮಡಚಿಕೊಂಡು ಹೋಗುವ ಹಳದಿ ಇಲ್ಲವೆ ಕಿತ್ತಳೆ ಬಣ್ಣದ ಆ ಯಂತ್ರ ಹೊಸದಲ್ಲ. ಜನರು ಅದನ್ನು ಹಿಟಾಚಿ ಎನ್ನುತ್ತಾರೆ. ಕೆಲವರ ಬಾಯಲ್ಲಿ ಅದು ಪೊಕ್ಲೇನ್. ಎರಡೂ ಕಂಪನಿಗಳ ಹೆಸರುಗಳು. ಈಗ ಯಾರು ತಯಾರಿಸಿದ ಯಂತ್ರಕ್ಕಾದರೂ ಅವೇ ಹೆಸರು. ಪೂರ್ಣ ಸುತ್ತು ತಿರುಗುವ ತನ್ನ ಹೈಡ್ರಾಲಿಕ್ ಯಂತ್ರವನ್ನು ಫ್ರಾನ್ಸಿನ ಪೊಕ್ಲೇನ್ ಕಂಪನಿಯು 1961ರಲ್ಲಿ ಹೊರತಂದಿತು. ರಬ್ಬರು ಗಾಲಿಯ ಜೆಸಿಬಿಯ ಮಾತು ಬೇರೆ. ಅದರ ಹಿಂಬದಿಯ ಕೈ ಅರ್ಧ ಸುತ್ತಷ್ಟೇ ಹೊರಳುತ್ತದೆ. ನಾವು ಇಲ್ಲಿ ಹೇಳಹೊರಟಿರುವುದು ಚೈನಿನ ಪಟ್ಟಿಯ ಮೇಲೆ ನಿಂತು, ಎಂಜಿನ್, ಕೋಣೆ, ಕೈ ಎಲ್ಲವನ್ನೂ ಹೊತ್ತು, ಗರಗರನೆ ತಿರುಗುವ ಯಂತ್ರದ ವಿಷಯ. ಅದನ್ನು ತಿರುಗಿಸುವುದು ಹೇಗೆಂದು ಎಲ್ಲರೂ ನೋಡುತ್ತಾರೆ. ಅದನ್ನು ನಿಲ್ಲಿಸುವುದು ಯಾವುದು ಎಂದು ಕೇಳುವವರು ಕಡಿಮೆ.

ಇದು ಆಪರೇಟರಿಗೆ ಬಿಟ್ಟ ವಿಚಾರವೆಂದು ನೀವು ಪುಟ ತಿರುವಬೇಡಿ. ನಿಮ್ಮ ಮನೆಯ ಮುಂದೆ ಚರಂಡಿ ತೋಡಲು ಬರುವುದು ಇದೇ ಯಂತ್ರ. ನಿಮ್ಮಲ್ಲಿ ಕೆಲವರು ಸಾಲ ಮಾಡಿ ಒಂದನ್ನು ಕೊಂಡಿರಬಹುದು. ಹೊಲ ಸಮ ಮಾಡಿಸಲು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕರೆಸಿದವರಂತೂ ಬಹಳ. 20 ಟನ್ ತರಗತಿಯ ಯಂತ್ರವು ಬಿಟ್ಟರೆ ಮಿನಿಟಿಗೆ ಹತ್ತು ಹನ್ನೆರಡು ಸುತ್ತು ಸುತ್ತೀತು. ಅಂದರೆ ಅರ್ಧ ಸುತ್ತಿಗೆ ಎರಡು ಮೂರು ಸೆಕೆಂಡು. ಆಪರೇಟರಿನ ಕಣ್ಣು ಮುಂದಿನ ಬಕೆಟ್ಟಿನ ಮೇಲೆ. ಹಿಂದಿರುವ ಕಬ್ಬಿಣದ ಭಾರದ ದಿಮ್ಮಿ ನಡುವಿನಿಂದ ಸುಮಾರು 9 ಅಡಿ ದೂರದಲ್ಲಿ ಗೋಡೆಯನ್ನು ಸವರಿಕೊಂಡು ಬರುತ್ತದೆ. ಆ ದಿಮ್ಮಿಗೂ ಗೋಡೆಗೂ ನಡುವೆ ನಿಂತು ಕೆಲಸ ನೋಡುವ ಮಕ್ಕಳನ್ನು ಯಾವ ಬೀದಿಯಲ್ಲಿಯೂ ಕಾಣಬಹುದು.

ನಮ್ಮ ಸೀಮೆಯಲ್ಲಿ ಈ ಬ್ರೇಕಿಗೆ ನಿಜವಾದ ಪರೀಕ್ಷೆ ಬರುವುದು ಕಾಲುವೆಯ ಮೇಲೆ. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ಕಂಡ ತುಂಗಭದ್ರಾ ಅಣೆಕಟ್ಟಿನ ಕೆಲಸದಲ್ಲಿ ಹೆಚ್ಚಿನ ಮಣ್ಣನ್ನು ಹೊತ್ತದ್ದು ಮನುಷ್ಯರ ತಲೆಯೇ. ಇಂದು ಎಡದಂಡೆ ಕಾಲುವೆಯ ಹೂಳು ತೆಗೆಯುವುದು ಯಂತ್ರ. ಬೇಸಿಗೆಯಲ್ಲಿ ನೀರು ನಿಂತ ಮೇಲೆ, ಮತ್ತೆ ನೀರು ಬಿಡುವುದರೊಳಗೆ ಕೆಲಸ ಮುಗಿಯಬೇಕು. ಮುಗಿಯದಿದ್ದರೆ ಕೊನೆಯ ಭಾಗದ ರೈತನ ಗದ್ದೆಗೆ ನೀರು ಮುಟ್ಟುವುದಿಲ್ಲ. ಹೀಗಾಗಿ ಯಂತ್ರವನ್ನು ಒಂದು ದಿನ ನಿಲ್ಲಿಸೋಣವೆಂದರೆ ಯಾರೂ ಒಪ್ಪರು. ಅದು ನಿಲ್ಲುವುದಾದರೂ ಸಮನೆಲದಲ್ಲಲ್ಲ. ಎರೆಮಣ್ಣಿನ ಏರಿಯ ಓರೆಯ ಮೇಲೆ. ಓರೆಯಲ್ಲಿ ನಿಂತ ಯಂತ್ರದ ತುಂಬಿದ ಬಕೆಟ್ಟು ಸದಾ ತಗ್ಗಿನ ಕಡೆಗೆ ಹೊರಳಲು ಹವಣಿಸುತ್ತಿರುತ್ತದೆ. ಹಿಡಿದಿರುವುದು ಸ್ವಿಂಗ್ ಬ್ರೇಕು ಒಂದೇ.

ಈ ಬ್ರೇಕಿನ ರಚನೆಯನ್ನು ಮೊದಲು ತಿಳಿಯೋಣ. ಯಂತ್ರದ ಮೇಲಿನ ಅರ್ಧವು ದೊಡ್ಡದೊಂದು ಬೇರಿಂಗ್ ಬಳೆಯ ಮೇಲೆ ಕುಳಿತಿದೆ. ಬಳೆಯ ಒಳಮೈಗೆ ಹಲ್ಲುಗಳಿವೆ. ಮೇಲಿರುವ ಎಣ್ಣೆಯ ಮೋಟಾರು ಗೇರ್‌ಬಾಕ್ಸಿನ ಮೂಲಕ ಒಂದು ಚಿಕ್ಕ ಹಲ್ಲುಗಾಲಿಯನ್ನು ಆ ಬಳೆಯಲ್ಲಿ ಉರುಳಿಸುತ್ತದೆ, ಮೇಲರ್ಧವೆಲ್ಲ ತಿರುಗುತ್ತದೆ. ಆಪರೇಟರು ಹಿಡಿಕೆಯನ್ನು ಬಿಟ್ಟೊಡನೆ ಮೋಟಾರಿನೊಳಗಿನ ಎಣ್ಣೆಗೆ ಹೊರದಾರಿ ಮುಚ್ಚಿಹೋಗುತ್ತದೆ. ಓಡುತ್ತಿರುವ ಭಾರವು ಆ ಎಣ್ಣೆಯನ್ನು ಒತ್ತಿದಾಗ, ರಿಲೀಫ್ ವಾಲ್ವು ಎಂಬ ಚಿಕ್ಕ ಬಾಗಿಲು ಗೊತ್ತಾದ ಒತ್ತಡಕ್ಕೆ ಮಾತ್ರ ತೆರೆದು, ಎಣ್ಣೆಯನ್ನು ಬಿಗಿಯಾಗಿ ಹಾಯಿಸಿ ವೇಗವನ್ನು ತಗ್ಗಿಸುತ್ತದೆ. ಓಟವನ್ನು ನಿಲ್ಲಿಸುವುದು ಇದು. ನಿಂತ ಮೇಲೆ, ಕೆಲವೇ ಸೆಕೆಂಡುಗಳಲ್ಲಿ, ಎರಡನೆಯದು ಹಿಡಿಯುತ್ತದೆ. ಎಣ್ಣೆಯಲ್ಲಿ ಮುಳುಗಿದ ಬಿಲ್ಲೆಗಳ ಅಟ್ಟಿಯನ್ನು ಗಟ್ಟಿ ಸ್ಪ್ರಿಂಗುಗಳು ಒತ್ತಿ ಹಿಡಿಯುತ್ತವೆ. ನಿಜವಾಗಿ ಬ್ರೇಕು ಎಂದು ಕರೆಯಬೇಕಾದದ್ದು ಇದನ್ನು.

ಇಲ್ಲಿ ಒಂದು ಸೊಗಸಿದೆ. ಎಣ್ಣೆಯ ಒತ್ತಡ ಬ್ರೇಕನ್ನು ಹಾಕುವುದಿಲ್ಲ, ಬಿಡಿಸುತ್ತದೆ. ಹಾಕುವುದು ಸ್ಪ್ರಿಂಗು. ಕೊಳವೆ ಒಡೆಯಲಿ, ಎಂಜಿನ್ ನಿಲ್ಲಲಿ, ಬ್ರೇಕು ತಾನಾಗಿಯೇ ಹಿಡಿಯುತ್ತದೆ. 2024ರಲ್ಲಿ ಸಿಂಧನೂರಿಗೂ ರೈಲು ಬಂದಿತಷ್ಟೆ. ರೈಲಿನಲ್ಲಿಯೂ ಕೊಳವೆಯ ಗಾಳಿಯ ಒತ್ತಡ ಇರುವ ತನಕ ಗಾಲಿಗಳು ಸ್ವತಂತ್ರ, ಅದು ಇಳಿದೊಡನೆ ಬ್ರೇಕು ಬೀಳುತ್ತದೆ. ಗಣಿಯ ಬಾವಿಯಲ್ಲಿ ಜನರನ್ನು ಇಳಿಸುವ ಪಂಜರದ ಯಂತ್ರಗಳಿಗೂ ಇದೇ ತತ್ತ್ವ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ತತ್ತ್ವವೊಂದು ತಿಳಿದಿದ್ದರೆ ರೋಗ ಗುರುತಿಸುವುದು ಅರ್ಧ ಮುಗಿದಂತೆ. ಕೇಳಬೇಕಾದ ಪ್ರಶ್ನೆ, ‘ಯಂತ್ರ ಜಾರುತ್ತದೆಯೆ?’ ಎಂಬುದಲ್ಲ, ‘ಯಾವಾಗ ಜಾರುತ್ತದೆ?’ ಎಂಬುದು. ಹಿಡಿಕೆ ಬಿಟ್ಟ ಮೇಲೆ ಗುರಿ ದಾಟಿ ಬಹಳ ದೂರ ಹೋಗಿ, ಆಮೇಲೆ ಕದಲದೆ ನಿಲ್ಲುವುದಾದರೆ ಬಿಲ್ಲೆಗಳನ್ನು ದೂರಬೇಡಿ. ದೋಷ ರಿಲೀಫ್ ವಾಲ್ವಿನಲ್ಲಿದೆ, ಇಲ್ಲವೆ ಸವೆದ ಮೋಟಾರಿನಲ್ಲಿದೆ. ಎಡಕ್ಕೆ ಸರಿಯಾಗಿ ನಿಂತು ಬಲಕ್ಕೆ ಮಾತ್ರ ದಾಟುವುದಾದರೆ ಇನ್ನೂ ಸುಲಭ. ಎಡ ಬಲಗಳಿಗೆ ಒಂದೊಂದು ವಾಲ್ವು ಇರುತ್ತದೆ. ಎರಡೂ ಒಂದೇ ತರಹದವಾದರೆ ಮೆಕ್ಯಾನಿಕರು ಅದಲು ಬದಲು ಮಾಡಿ ನೋಡುತ್ತಾರೆ. ತೊಂದರೆಯೂ ಪಕ್ಕ ಬದಲಿಸಿದರೆ ವಾಲ್ವೇ ಕಳ್ಳ. ಹೊಸ ಮೋಟಾರಿನ ಬೆಲೆ ಉಳಿಯಿತು.

ಎಂಜಿನ್ ನಿಲ್ಲಿಸಿದ ಮೇಲೂ ಓರೆಯಲ್ಲಿ ನಿಧಾನವಾಗಿ ಹೊರಳುತ್ತಿದ್ದರೆ ಸಂದೇಹವೇ ಬೇಡ, ಬಿಲ್ಲೆ ಸವೆದಿದೆ ಇಲ್ಲವೆ ಸ್ಪ್ರಿಂಗು ಮುರಿದಿದೆ. ಎಂಜಿನ್ ನಿಂತಾಗ ಗಟ್ಟಿಯಾಗಿ ನಿಂತು, ನಡೆಯುವಾಗ ಮಾತ್ರ ಜಾರಿದರೆ, ಬ್ರೇಕು ಬಿಡಿಸುವ ಎಣ್ಣೆ ಮರಳಿ ಹೋಗದೆ ಒಳಗೇ ಉಳಿದಿದೆಯೆಂದು ತಿಳಿಯಬೇಕು. ಅದನ್ನು ನಡೆಸುವ ವಾಲ್ವಿನಲ್ಲಿ ಕಸ ಸಿಕ್ಕಿರಬಹುದು. ಇದಕ್ಕೆ ವಿರುದ್ಧವಾದ ರೋಗವೂ ಉಂಟು. ಯಂತ್ರ ತಿರುಗಲು ತಿಣುಕುತ್ತದೆ, ಮೋಟಾರಿನ ಬುಡ ಕಾದು ಸುಡುತ್ತದೆ, ಎಣ್ಣೆ ಕಮಟು ವಾಸನೆ ಹೊಡೆಯುತ್ತದೆ. ಆಗ ಬ್ರೇಕು ಪೂರ್ತಿ ಬಿಡದೆ ಉಜ್ಜುತ್ತಿದೆ. ಹೆಚ್ಚು ವೇಗ ಕೊಟ್ಟು ದಬ್ಬಿದರೆ ಬಿಲ್ಲೆಗಳು ಸುಟ್ಟು, ಮಾರನೆಯ ವಾರ ಇದೇ ಯಂತ್ರ ಜಾರುವ ಯಂತ್ರವಾಗುತ್ತದೆ. ನಿಲ್ಲುವಾಗ ‘ಢಂ’ ಎಂದು ಸದ್ದು ಬಂದರೆ ಬಳೆಯ ಹಲ್ಲು, ಬೋಲ್ಟುಗಳನ್ನೂ ನೋಡತಕ್ಕದ್ದು.

ಸಂಶಯ ಬಂದಾಗ ಒಂದು ಸುಣ್ಣದ ಕಡ್ಡಿ ಸಾಕು. ಸುತ್ತ ಯಾರೂ ಇಲ್ಲದ ಕಡೆ, ಸುಮಾರು 15 ಡಿಗ್ರಿ ಓರೆಯಲ್ಲಿ, ಅಂದರೆ ನಾಲ್ಕಡಿಗೆ ಒಂದಡಿ ಏರುವ ನೆಲದಲ್ಲಿ, ಯಂತ್ರ ನಿಲ್ಲಿಸಿ ಕೈಯನ್ನು ಓರೆಗೆ ಅಡ್ಡವಾಗಿ ಹೊರಳಿಸಿ ಎಂಜಿನ್ ಆರಿಸಬೇಕು. ಬಳೆಯ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ಸೇರಿಸಿ ಒಂದು ಗೆರೆ ಎಳೆದು ಐದು ಮಿನಿಟು ಕಾಯಬೇಕು. ಗೆರೆ ಕೂದಲೆಳೆಯಷ್ಟೂ ಮುರಿಯಬಾರದು. ಬಾಡಿಗೆಗೆ ಕರೆಸುವವರು, ಹಳೆಯ ಯಂತ್ರ ಕೊಳ್ಳುವವರು ಇದನ್ನು ಮಾಡಿ ತೋರಿಸೆಂದು ಧಾರಾಳವಾಗಿ ಕೇಳಬಹುದು. ಹೊಸ ಬಣ್ಣ ಬಳಿದ ಯಂತ್ರವನ್ನು ಕಂಡು ಮರುಳಾಗುವುದಕ್ಕಿಂತ ಈ ಐದು ಮಿನಿಟು ಲಾಭದ್ದು.

ಇನ್ನು ದಿನದ ಆರೈಕೆ. ಸ್ವಿಂಗ್ ಗೇರ್‌ಬಾಕ್ಸಿಗೆ ತನ್ನದೇ ಎಣ್ಣೆ, ತನ್ನದೇ ಅಳತೆಕಡ್ಡಿ ಇದೆ. ಎಣ್ಣೆ ಇಳಿದರೆ ಎಲ್ಲರೂ ಗಾಬರಿಯಾಗುತ್ತಾರೆ, ಏರಿದರೆ ಸಂತೋಷಪಡುವವರಿದ್ದಾರೆ! ಸುರಿಯದೆ ಏರಿದ ಎಣ್ಣೆ ಎಲ್ಲಿಂದ ಬಂತು? ಮೇಲಿನ ಮೋಟಾರಿನ ಸೀಲು ಹರಿದು ಹೈಡ್ರಾಲಿಕ್ ಎಣ್ಣೆ ಕೆಳಗಿಳಿದಿದೆ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಕಾಲುವೆ, ಗದ್ದೆಗಳ ಕೆಸರಿನಲ್ಲಿ ದುಡಿಯುವ ಯಂತ್ರಕ್ಕೆ ಇದು ಅಪರೂಪವಲ್ಲ. ಈ ಎಣ್ಣೆಯನ್ನು ಅನೇಕ ಯಂತ್ರಗಳಲ್ಲಿ 1000 ಗಂಟೆಗೊಮ್ಮೆ ಬದಲಿಸುತ್ತಾರೆ. ಆಯಾ ಯಂತ್ರದ ಪುಸ್ತಕವೇ ಪ್ರಮಾಣ. ಹೈಡ್ರಾಲಿಕ್ ಎಣ್ಣೆಯ ಫಿಲ್ಟರನ್ನು ಹೊಲದ ಧೂಳಿನಲ್ಲಿ, ಬೀಸುವ ಗಾಳಿಗೆ ತೆರೆದಿಟ್ಟು ಬದಲಿಸುವುದು ಬೇಡ. ಕಣ್ಣಿಗೆ ಕಾಣದ ಕಣವೊಂದು ಬ್ರೇಕಿನ ವಾಲ್ವನ್ನು ಕಟ್ಟಿಹಾಕಬಲ್ಲದು.

ಬ್ರೇಕನ್ನು ಸವೆಸುವುದು ಎಷ್ಟೋ ವೇಳೆ ವಯಸ್ಸಲ್ಲ, ಅಭ್ಯಾಸ. ಬಕೆಟ್ಟಿನ ಪಕ್ಕೆಯಿಂದ ಮಣ್ಣನ್ನು ಕಸಬರಿಗೆಯಂತೆ ಗುಡಿಸುವುದು, ಕಲ್ಲನ್ನು ಪಕ್ಕದಿಂದ ಹೊಡೆದು ಅಲುಗಿಸುವುದು, ಓಡುತ್ತಿರುವ ಮೇಲರ್ಧವನ್ನು ನಿಲ್ಲಿಸಲು ಹಿಡಿಕೆಯನ್ನು ತಟಕ್ಕನೆ ಎದುರು ದಿಕ್ಕಿಗೆ ಎಳೆಯುವುದು: ಇವು ನೋಡುವವರಿಗೆ ಚಾತುರ್ಯವೆನಿಸುತ್ತವೆ. ಪಕ್ಕದ ಹೊಡೆತವೆಲ್ಲ ಹಲ್ಲಿಗೂ ಬಿಲ್ಲೆಗೂ ಬೀಳುತ್ತದೆ. ಬೇಗ ಕೆಲಸ ಮುಗಿಸಿದನೆಂದು ಅಂಥ ಆಪರೇಟರನ್ನು ಹೊಗಳುವ ಮಾಲೀಕರು ರಿಪೇರಿಯ ಲೆಕ್ಕವನ್ನು ಬೇರೆ ಪುಸ್ತಕದಲ್ಲಿ ಬರೆಯುತ್ತಾರೋ ಏನೋ.

ಬಿಚ್ಚುವ ಕೆಲಸಕ್ಕೆ ಬಲ್ಲವರೇ ಬೇಕು. ಒಳಗಿನ ಸ್ಪ್ರಿಂಗುಗಳು ಅದುಮಿ ಕುಳಿತಿರುವುದರಿಂದ, ಬೋಲ್ಟುಗಳನ್ನು ಸುತ್ತಲೂ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕೇ ಹೊರತು ಒಂದನ್ನೇ ಪೂರ್ತಿ ಕಳಚಬಾರದು. ಅದಕ್ಕೂ ಮೊದಲು ಯಂತ್ರ ಸಮನೆಲದಲ್ಲಿರಬೇಕು, ಬಕೆಟ್ಟು ನೆಲಕ್ಕೂರಿರಬೇಕು, ಎಂಜಿನ್ ಆರಿ ಕೊಳವೆಗಳ ಒತ್ತಡ ಇಳಿದಿರಬೇಕು. ಏರಿಯ ಓರೆಯ ಮೇಲೆಯೇ ಮೋಟಾರು ಕಳಚಿದರೆ, ಮೇಲರ್ಧವನ್ನು ಹಿಡಿಯುವ ಬ್ರೇಕೂ ಅದರೊಂದಿಗೆ ಕಳಚಿ ಬರುತ್ತದೆ. ಆಮೇಲೆ ಇಡೀ ಭಾರ ತಗ್ಗಿನ ಕಡೆಗೆ ಹೊರಳುತ್ತದೆ, ಮೆಕ್ಯಾನಿಕನು ಇನ್ನೂ ಅದರ ಮೇಲೆಯೇ ಬಗ್ಗಿ ನಿಂತಿರುವಾಗ. ಆದುದರಿಂದ ಬ್ರೇಕು ಜಾರುತ್ತಿದೆಯೆಂದು ಆಪರೇಟರು ಹೇಳಿದ ದಿನ, ಬಕೆಟ್ಟನ್ನು ನೆಲದ ಹತ್ತಿರ ಇಟ್ಟುಕೊಂಡು ಯಂತ್ರವನ್ನು ಏರಿಯಿಂದ ಸಮನೆಲಕ್ಕೆ ನಡೆಸಿ ತಂದು, ಬಕೆಟ್ಟನ್ನು ಊರಿಸಿ ನಿಲ್ಲಿಸಿರಿ. ಮೆಕ್ಯಾನಿಕನು ಬರುವ ತನಕ ಅದು ಅಲ್ಲಿಯೇ ಇರಲಿ.