ಹಳೆಯ ಪಂಚಾಂಗವೂ ಬಸ್ಸಿನ ವೇಳೆಯೂ

ಯುಗಾದಿ ಬಂದಿತೆಂದರೆ ಪ್ರತಿಯೊಬ್ಬ ಗೃಹಸ್ಥನೂ ಹೊಸ ಪಂಚಾಂಗವನ್ನು ಕೊಂಡು ತರುವನು. ಹೋದ ವರ್ಷದ ಪಂಚಾಂಗವನ್ನು ಎಂತಹ ಪಂಡಿತರೇ ಗುಣಿಸಿ ಬರೆದಿರಲಿ, ಅದನ್ನು ನೋಡಿ ಈ ವರ್ಷದ ಮದುವೆಗೆ ಮುಹೂರ್ತವಿಡುವವರಿಲ್ಲ. ಒಂದು ಸೀಮೆಯ ಜನರ ಓಡಾಟಕ್ಕಾಗಿ ದೀರ್ಘಕಾಲದ ದೃಷ್ಟಿಯಿಂದ ಮಾಡಿದ ಸಾರಿಗೆಯ ಯೋಜನೆಗೂ ಇದೇ ನ್ಯಾಯವು ಸಲ್ಲತಕ್ಕದ್ದು. ಇದಕ್ಕೆ ಮೊಳಕಾಲ್ಮೂರು ಒಳ್ಳೆಯ ನಿದರ್ಶನವಾಗಿದೆ.

ರೇಷ್ಮೆಯ ಸೀರೆಗಳಿಗೆ ಹೆಸರಾದ ಈ ಊರು ಚಿತ್ರದುರ್ಗ ಜಿಲ್ಲೆಯ ಈಶಾನ್ಯದ ಅಂಚಿನಲ್ಲಿರುವುದು. ಇದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವಿದೆ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಸಂದೇಶವೆಂದೇ ಅದು ಪ್ರಾರಂಭವಾಗುವುದು. ಅಂದಮೇಲೆ ಈ ಸೀಮೆಯ ದಾರಿಗಳಿಗೆ ಎರಡು ಸಾವಿರ ವರ್ಷಗಳಿಗೂ ಮಿಕ್ಕ ವಯಸ್ಸಾಗಿದೆ. ದಾರಿಗಳು ಹಳೆಯವು, ಬದಲಾಗುತ್ತ ಬಂದಿರುವುದು ಗಡಿಗಳು ಮಾತ್ರ.

ಮೈಸೂರು ಸರ್ಕಾರದವರು 1948ನೆಯ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ತಮ್ಮ ಸಾರಿಗೆ ಇಲಾಖೆಯನ್ನು ಆರಂಭಿಸಿದಾಗ ಬಳ್ಳಾರಿಯು ಮದರಾಸಿನ ಆಡಳಿತದಲ್ಲಿತ್ತು. 1953ನೆಯ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರಿಗೆ ಸೇರಿತು; ನೆರೆಯ ರಾಯದುರ್ಗವು ಆಂಧ್ರದ ಪಾಲಾಯಿತು. 1961ರಲ್ಲಿ ಸಾರಿಗೆಯು ನಿಗಮದ ಕೈಗೆ ಬಂದಿತು. 2000ದಲ್ಲಿ ಈಶಾನ್ಯ ಜಿಲ್ಲೆಗಳಿಗೆ ಬೇರೊಂದು ನಿಗಮವಾಗಿ, 2021ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕದ ಹೆಸರು ಬಂದಿತು. ಇದರ ಫಲವೇನೆಂದರೆ, ಚಿತ್ರದುರ್ಗದ ಕಡೆಯ ಸರ್ಕಾರಿ ಬಸ್ಸು ಒಂದು ನಿಗಮದ್ದು, ಬಳ್ಳಾರಿಯದು ಇನ್ನೊಂದರದು, ರಾಯದುರ್ಗದ್ದು ಮತ್ತೊಂದು ರಾಜ್ಯದ್ದು. ಮೂವರೂ ತಮ್ಮ ತಮ್ಮ ಲೆಕ್ಕವನ್ನು ಸರಿಯಾಗಿಯೇ ಬರೆಯಬಹುದು. ಆದರೆ ಸಂತೆಗೆ ಹೊರಟ ನೇಕಾರನಿಗೂ, ಬಳ್ಳಾರಿಯ ಆಸ್ಪತ್ರೆಗೆ ಮಗುವನ್ನೊಯ್ಯುವ ತಾಯಿಗೂ ಪ್ರಯಾಣವು ಒಂದೇ ಅಲ್ಲವೇ? ಅದನ್ನು ಮೂರು ಪುಸ್ತಕಗಳಲ್ಲಿ ಬರೆದವರು ಇಡಿಯಾಗಿ ಕಾಣುವುದು ಹೇಗೆ?

ಕಾಲವೂ ಸುಮ್ಮನಿಲ್ಲ. 2023ನೆಯ ಜೂನ್ 11ರಿಂದ ಶಕ್ತಿ ಯೋಜನೆಯಂತೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ಹಿಂದೆ ವರ್ಷಕ್ಕೊಮ್ಮೆ ತವರಿಗೆ ಹೋಗುತ್ತಿದ್ದವರು ಈಗ ಕೆಲಸಕ್ಕೂ ಓದಿಗೂ ದಿನನಿತ್ಯ ಹೊರಡಬಲ್ಲರು. ಆದರೆ ಬಸ್ಸೇ ಬಾರದ ಊರಿನಲ್ಲಿ ಈ ಸೌಲಭ್ಯದಿಂದ ಬಂದ ಭಾಗ್ಯವೇನು? ಚಳ್ಳಕೆರೆಯ ಬಳಿ 2017ರಲ್ಲಿ ವಿಮಾನಗಳ ಪರೀಕ್ಷಾ ಕೇಂದ್ರವು ತೆರೆಯಿತು. ಬಳ್ಳಾರಿಯ ಹೆದ್ದಾರಿಯು ಮೊಳಕಾಲ್ಮೂರು ಪಟ್ಟಣವನ್ನು ಪಕ್ಕಕ್ಕೆ ಬಿಟ್ಟು ಹಾನಗಲ್, ರಾಂಪುರಗಳ ಮೇಲೆ ಹೋಗುವುದು. ಚಿತ್ರದುರ್ಗದಿಂದ ರಾಯದುರ್ಗಕ್ಕೆ ರೈಲುದಾರಿಯೂ ಉಂಟು. ಹೀಗಿರುವಾಗ ರೈಲು ಬಂದುಹೋದ ಮೇಲೆ ಬರುವ ಬಸ್ಸೂ, ಶಾಲೆಯ ಗಂಟೆ ಹೊಡೆದ ಮೇಲೆ ತಲಪುವ ಬಸ್ಸೂ ಇದ್ದೂ ಇಲ್ಲದಂತೆಯೇ ಸರಿ.

ಇದಕ್ಕೆ ನಾವು ಮಾಡಬಹುದಾದದ್ದೇನು ಎಂದು ವಾಚಕರು ಕೇಳಬಹುದು. 1988ರ ಮೋಟಾರು ವಾಹನಗಳ ಕಾಯಿದೆಯು ಇದಕ್ಕೆ ಅವಕಾಶವಿತ್ತಿದೆ. ಸರ್ಕಾರಿ ಸಾರಿಗೆಗೆ ಮಾರ್ಗಗಳನ್ನು ಗೊತ್ತುಮಾಡುವ ಯೋಜನೆಯ ಕರಡನ್ನು ರಾಜ್ಯಪತ್ರದಲ್ಲಿಯೂ ಪ್ರಾದೇಶಿಕ ಭಾಷೆಯ ಒಂದು ಪತ್ರಿಕೆಯಲ್ಲಾದರೂ ಪ್ರಕಟಿಸಬೇಕು. ಅದು ರಾಜ್ಯಪತ್ರದಲ್ಲಿ ಪ್ರಕಟವಾದ 30 ದಿನಗಳೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಎರಡು ರಾಜ್ಯಗಳು ಬಸ್ಸುಗಳ ಪರವಾನಗಿಯ ಸಂಖ್ಯೆಯನ್ನು ಕುರಿತು ಒಪ್ಪಂದ ಮಾಡಿಕೊಳ್ಳುವ ಮೊದಲೂ ಪ್ರಕಟನೆಯಿತ್ತು ಮನವಿಗಳಿಗೆ ಕಾಲಾವಕಾಶ ಕೊಡಬೇಕು. ಒಮ್ಮೆ ಮಂಜೂರಾದ ಯೋಜನೆಯನ್ನೂ ಸಾರ್ವಜನಿಕ ಹಿತಕ್ಕಾಗಿ ಯಾವಾಗ ಬೇಕಾದರೂ, ಬಾಧಿತರಾಗುವವರ ಮಾತನ್ನು ಕೇಳಿ, ಮಾರ್ಪಡಿಸುವ ಅಧಿಕಾರವು ಸರ್ಕಾರಕ್ಕುಂಟು.

ಆದರೆ “ನಮ್ಮೂರಿಗೆ ಬಸ್ಸು ಬೇಕು” ಎಂದಷ್ಟೇ ಬರೆದರೆ ಸಾಲದು. ಒಂದು ವಾರದ ಮಟ್ಟಿಗೆ ಮನೆಯಲ್ಲಿಯೇ ಲೆಕ್ಕವಿಡಿರಿ: ಯಾರು, ಯಾವ ಊರಿಗೆ, ಎಷ್ಟು ಗಂಟೆಗೆ ಹೋಗಬೇಕಾಯಿತು; ಎಷ್ಟು ಹೊತ್ತು ಕಾದರು; ಯಾವ ಪ್ರಯಾಣವನ್ನು ಬಸ್ಸಿಲ್ಲದೆ ಕೈಬಿಟ್ಟರು. ಈ ಕಡೆಯದನ್ನು ಮರೆಯದೆ ಬರೆಯಿರಿ. ಟಿಕೆಟ್ಟಿನ ಲೆಕ್ಕದಲ್ಲಿ ಹೋದವರು ಸಿಕ್ಕುವರೇ ಹೊರತು ಹೋಗಲಾರದೆ ಮನೆಯಲ್ಲಿ ಉಳಿದವರು ಸಿಕ್ಕುವುದಿಲ್ಲ. ಹತ್ತು ಮನೆಗಳ ಇಂತಹ ಲೆಕ್ಕವು ಸೇರಿದರೆ ಅದೇ ಒಂದು ಬಲವಾದ ಮನವಿಯಾಗುವುದು.

ಪಂಚಾಂಗವನ್ನು ಪಂಡಿತರು ಗುಣಿಸಲಿ. ಮನೆಯಲ್ಲಿ ಮದುವೆಗಿರುವ ಮಗಳುಂಟೆಂದು ಹೇಳಬೇಕಾದವರು ಮನೆಯವರೇ.