ಬಂಟನ ಪುದೀನ ಐಸು

ಬೇಸಿಗೆ ರಜೆಗೆ ಬೆಂಗಳೂರಿನಿಂದ ಬರುವ ನನ್ನ ಮೊಮ್ಮಗಳು ಮೈಸೂರಿನ ನಮ್ಮ ಮನೆಯ ಗೇಟು ತೆಗೆದವಳೇ ಮೊದಲು ಅಪ್ಪಿಕೊಳ್ಳುವುದು ನನ್ನನ್ನಲ್ಲ, ಬಂಟನನ್ನು. ಕಳೆದ ವರ್ಷವೂ ಹಾಗೆಯೇ ಓಡಿಬಂದು ಅವನ ಕುತ್ತಿಗೆಗೆ ಜೋತುಬಿದ್ದಳು. ಮರುಕ್ಷಣ ಮೂಗು ಮುಚ್ಚಿಕೊಂಡು ಹಿಂದೆ ಸರಿದಳು.

"ತಾತ, ಬಂಟನ ಬಾಯಿ ಗಬ್ಬು ನಾರ್ತಿದೆ! ಅವನಿಗೆ ಹಲ್ಲು ಉಜ್ಜಲ್ವಾ ನೀವು?"

ನಾಯಿಗೆ ಹಲ್ಲುಜ್ಜುವುದೇ! ನಾನು ಜೋರಾಗಿ ನಕ್ಕೆ. ಚಿಕ್ಕಂದಿನಲ್ಲಿ ನಮ್ಮೂರಲ್ಲಿ ಕಂಡ ನಾಯಿಗಳೆಲ್ಲ ಹಿತ್ತಿಲಲ್ಲಿ ಹಾಕಿದ ಮುದ್ದೆ ತಿಂದು, ಅಂಗಳದಲ್ಲಿ ಮಲಗಿ ಬೆಳೆದವು. ಅವುಗಳ ಬಾಯಿ ವಾಸನೆ ನೋಡಿದವರು ಯಾರು?

ಬಂಟ ಜಾತಿ ನಾಯಿಯಲ್ಲ. ಎಂಟು ವರ್ಷಗಳ ಹಿಂದೆ ಮಳೆ ಸುರಿಯುತ್ತಿದ್ದ ಒಂದು ರಾತ್ರಿ ನನ್ನ ಸ್ಕೂಟರಿನ ಕೆಳಗೆ ನಡುಗುತ್ತ ಕೂತಿದ್ದ ಮರಿ. ಈಗ 17 ಕಿಲೋ ತೂಗುತ್ತಾನೆ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ರಾತ್ರಿ ನನ್ನ ಮಂಚದ ಕೆಳಗೇ ಅವನ ಹಾಸಿಗೆ.

ಆದರೆ ಮಗಳು ಬಿಡಲಿಲ್ಲ. "ಅಪ್ಪ, ಮಕ್ಕಳ ಮುಖ ನೆಕ್ಕೋಕೆ ಬಿಡಬೇಡಿ. ಅವನ ಹಾಸಿಗೆ ಹೊರಗೆ ಹಾಕಿ" ಎಂದಳು. ಅಂದು ರಾತ್ರಿ ಬಂಟ ವೆರಾಂಡದಲ್ಲಿ ಮಲಗಿದ. ಬಾಗಿಲನ್ನು ಕಾಲಿನಿಂದ ಕೆರೆಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ನನಗೂ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಏನಾದರೂ ಮಾಡಲೇಬೇಕು ಎಂದು ತೀರ್ಮಾನಿಸಿದೆ.

"ಊಟ ಆದ್ಮೇಲೆ ನೀವು ಏಲಕ್ಕಿ ಹಾಕ್ಕೊಳ್ತೀರಲ್ಲ, ಅವನಿಗೂ ಒಂದು ಕೊಡಿ" ಎಂದು ನಮ್ಮಾಕೆ ತಮಾಷೆ ಮಾಡಿದಳು. ಏಲಕ್ಕಿ ಅಲ್ಲದಿದ್ದರೆ ಪುದೀನ ಆಗಬಹುದಲ್ಲ ಎಂದು ಹೊಳೆದದ್ದು ಆಗಲೇ. ಹಿತ್ತಿಲಲ್ಲಿ ಪುದೀನ ಇತ್ತು, ಬಿಸಿಲು ಧಗಧಗಿಸುತ್ತಿತ್ತು, ಬಂಟನಿಗೆ ಮೊಸರೆಂದರೆ ಪ್ರಾಣ. ಎಲ್ಲವನ್ನೂ ಸೇರಿಸಿ ಐಸು ಮಾಡಿದರೆ?

"ಮಾಡಿ. ಆದರೆ ಆ ಟ್ರೇ ಮತ್ತೆ ನನ್ನ ಅಡುಗೆಮನೆ ಪಾತ್ರೆ ಜೊತೆ ಸೇರಕೂಡದು" ಎಂಬ ಷರತ್ತಿನ ಮೇಲೆ ಅನುಮತಿ ಸಿಕ್ಕಿತು.

ಎರಡು ತಪ್ಪು, ಒಂದು ಪಾಠ

ಮೊದಲ ಸಲ ಧಾರಾಳಿಯಾಗಿ ಒಂದು ಹಿಡಿ ಪುದೀನ ರುಬ್ಬಿ ಹಾಕಿದೆ. ಮರುದಿನ ಬಂಟನ ಹೊಟ್ಟೆ ಕೆಟ್ಟಿತು. ಪುದೀನ ಕೆಲವು ಎಲೆಯಷ್ಟಾದರೆ ನಾಯಿಗೆ ತೊಂದರೆಯಿಲ್ಲ, ಹೆಚ್ಚಾದರೆ ವಾಂತಿ ಭೇದಿ ಆಗಬಹುದು ಎಂದು ಆಮೇಲೆ ತಿಳಿಯಿತು.

ಎರಡನೆಯ ಸಲ ಆರು ವರ್ಷದ ಮೊಮ್ಮಗ, "ಚೆನ್ನಾಗಿ ಕಾಣ್ಲಿ" ಎಂದು ಪ್ರತಿ ಗುಳಿಗೂ ಒಂದೊಂದು ಒಣದ್ರಾಕ್ಷಿ ಇಟ್ಟಿದ್ದ. ಎರಡು ಲ್ಯಾಬ್ರಡಾರ್ ಸಾಕಿರುವ ಎದುರು ಮನೆಯವರು ಅದೇ ಹೊತ್ತಿಗೆ ಬಂದದ್ದು ನಮ್ಮ ಪುಣ್ಯ. "ಸಾರ್, ದ್ರಾಕ್ಷಿ ನಾಯಿಗೆ ವಿಷ. ಕಿಡ್ನಿ ಹೋಗುತ್ತೆ!" ಎಂದು ಟ್ರೇಯನ್ನೇ ಕಿತ್ತುಕೊಂಡರು. ಹುಡುಗ ಅಳುವುದಕ್ಕೇ ಶುರು ಮಾಡಿದ. ಅವನಿಗೆ ಸಮಾಧಾನ ಹೇಳುವಾಗ ನನ್ನ ಕೈಯೂ ನಡುಗುತ್ತಿತ್ತು.

ಅಂದಿನಿಂದ ಏನು ಹಾಕಬೇಕು, ಏನು ಹಾಕಬಾರದು ಎಂದು ಸರಿಯಾಗಿ ವಿಚಾರಿಸಿಕೊಂಡೇ ಮುಂದುವರಿದೆವು. ನಿಮ್ಮ ಮನೆಯಲ್ಲೂ ನಾಯಿಯಿದ್ದರೆ ಹೀಗೆ ಮಾಡಿ.

ಬೇಕಾಗುವ ಸಾಮಗ್ರಿ

ತಾಜಾ ಸಪ್ಪೆ ಮೊಸರು – 1 ಬಟ್ಟಲು (ಉಪ್ಪು, ಸಕ್ಕರೆ ಬೇಡ, ಕೆನೆ ತೆಗೆದ ಹಾಲಿನ ಮೊಸರಾದರೆ ಒಳ್ಳೆಯದು)
ಎಳೆ ಸೌತೆಕಾಯಿ – ಅರ್ಧ, ತುರಿದದ್ದು
ಪುದೀನ – 5 ಅಥವಾ 6 ಎಲೆ
ಕೊತ್ತಂಬರಿ ಸೊಪ್ಪು – ಸಣ್ಣಗೆ ಹೆಚ್ಚಿದ್ದು 1 ಚಮಚ
ನೀರು – ಕಾಲು ಬಟ್ಟಲು

ಮಾಡುವ ವಿಧಾನ

ಸೌತೆಕಾಯಿ ಕಹಿಯಿಲ್ಲವೆಂದು ಚೂರು ಬಾಯಿಗೆ ಹಾಕಿಕೊಂಡು ನೋಡಿ. ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆದು ಸಣ್ಣಗೆ ಹೆಚ್ಚಿ. ಎಲ್ಲವನ್ನೂ ಮೊಸರಿಗೆ ಸೇರಿಸಿ, ನೀರು ಬೆರೆಸಿ, ಕಡೆಗೋಲಿನಿಂದ ಒಮ್ಮೆ ಕಡೆಯಿರಿ. ಐಸ್ ಟ್ರೇಯ ಗುಳಿಗಳಿಗೆ ಅರ್ಧದಷ್ಟು ಮಾತ್ರ ಹಾಕಿ. ತುಂಬ ಹಾಕಿದರೆ ದಪ್ಪ ಗಡ್ಡೆಯಾಗುತ್ತದೆ. ನಾಲ್ಕೈದು ಗಂಟೆ ಫ್ರೀಜರಿನಲ್ಲಿಡಿ.

ಕೊಡುವ ಮುಂಚೆ ಹತ್ತು ನಿಮಿಷ ಹೊರಗಿಟ್ಟು, ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡಿ. ಗುರುತು ಬಿದ್ದರೆ ಕೊಡಬಹುದು. ಬೀಳದಿದ್ದರೆ ಇನ್ನೂ ಸ್ವಲ್ಪ ಕಾಯಿರಿ. ಈ ಉಗುರಿನ ಪರೀಕ್ಷೆ ಎಷ್ಟು ಮುಖ್ಯವೆಂದು ಮುಂದೆ ಹೇಳುತ್ತೇನೆ.

ಬಂಟನ ಗಾತ್ರದ ನಾಯಿಗೆ ದಿನಕ್ಕೆ ಎರಡು ತುಂಡು ಸಾಕು. ಸಣ್ಣ ನಾಯಿಗೆ ಒಂದು. ಕೆಲವು ನಾಯಿಗಳಿಗೆ ಹಾಲು ಮೊಸರು ಒಗ್ಗುವುದಿಲ್ಲ, ಆದ್ದರಿಂದ ಮೊದಲ ದಿನ ಚೂರು ಮಾತ್ರ ಕೊಟ್ಟು ನೋಡಿ. ಮೊಸರು ಒಗ್ಗದಿದ್ದರೆ ಉಪ್ಪಿಲ್ಲದೆ ಕ್ಯಾರೆಟ್ ಬೇಯಿಸಿ, ಅದನ್ನು ಅದೇ ನೀರಿನಲ್ಲಿ ಮಸೆದು ಐಸು ಮಾಡಿ. ಇಂಥ ತಿಂಡಿಗಳೆಲ್ಲ ಸೇರಿ ದಿನದ ಆಹಾರದ ಹತ್ತರಲ್ಲಿ ಒಂದು ಪಾಲು ದಾಟಬಾರದು.

ಮೊಮ್ಮಗಳ ಲೆಡ್ಜರು

ನಾನು ಬಿ.ಕಾಂ. ಮುಗಿಸಿ 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕಂಪ್ಯೂಟರು ಬರುವ ಮುಂಚೆ ನಾವು ಲೆಡ್ಜರು ಬರೆಯುತ್ತಿದ್ದ ಕಾಲದಲ್ಲಿ ಐದು ಪೈಸೆ ವ್ಯತ್ಯಾಸ ಬಂದರೂ ರಾತ್ರಿ ಒಂಬತ್ತರವರೆಗೆ ಕೂತು ಹುಡುಕುತ್ತಿದ್ದೆವು. ಆ ಅಭ್ಯಾಸ ಮೊಮ್ಮಗಳಿಗೂ ಬರಲಿ ಎಂದು ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿಕೊಟ್ಟೆ. ತಾರೀಕು, ಕೊಟ್ಟ ತುಂಡು, ತಿಂದ ತುಂಡು, ವಾಸನೆಗೆ ಹತ್ತರಲ್ಲಿ ಎಷ್ಟು ಅಂಕ, ಕೊನೆಯಲ್ಲಿ ಷರಾ. ಪ್ರತಿದಿನ ಸಂಜೆ ಅವಳು ಬರೆದು ತರುತ್ತಿದ್ದಳು, ನಾನು ಕೆಳಗೆ ಸಹಿ ಹಾಕುತ್ತಿದ್ದೆ.

ಅಂಕಗಳು ನನಗೆ ಖುಷಿ ಕೊಟ್ಟವು. ಐಸು ತಿನ್ನುವ ಮುಂಚೆ ಎಂಟು, ತಿಂದು ಅರ್ಧ ಗಂಟೆಗೆ ಐದು. ಮರುದಿನ ಬೆಳಿಗ್ಗೆ ಮತ್ತೆ ಎಂಟಾಗುತ್ತಿತ್ತು ನಿಜ. ಆದರೂ ಇಳಿಯುತ್ತಿದೆಯಲ್ಲ ಎಂದು ನಾನು ಮಗಳ ಜೊತೆ ವಾದ ಮಾಡಿ ಬಂಟನನ್ನು ರಾತ್ರಿ ಒಳಗೆ ಕರೆದುಕೊಂಡೆ.

ಹನ್ನೆರಡನೆಯ ದಿನ ಸಂಜೆ ನಾನು ಸಹಿ ಹಾಕಿ ಪುಸ್ತಕ ಮುಚ್ಚುವಾಗ ಅವಳು ಕೇಳಿದಳು.

"ತಾತ, ಡಾಕ್ಟರ ಹತ್ರ ಯಾವಾಗ ಹೋಗೋದು?"

"ಯಾವ ಡಾಕ್ಟರು?"

"ಷರಾದಲ್ಲಿ ಬರೆದಿದ್ದೀನಲ್ಲ. ನೀವು ದಿನಾ ಸಹಿ ಹಾಕಿದ್ದೀರಿ. ಓದ್ಲಿಲ್ವಾ?"

ಕನ್ನಡಕ ಹಾಕಿಕೊಂಡು ಪುಟ ತಿರುವಿದೆ. ಮೂರನೆಯ ದಿನ: "ಎಡಗಡೆಯಿಂದ ಮಾತ್ರ ಅಗಿದ." ಐದನೆಯ ದಿನ: "ಬಾಯಿಂದ ಬೀಳಿಸಿದ." ಎಂಟನೆಯ ದಿನ: "ನೆಕ್ಕಿ ಬಿಟ್ಟ. ಬಲಗಡೆ ಮುಟ್ಟಿದರೆ ಗುರ್ ಅಂದ." ಹನ್ನೆರಡು ದಿನಗಳಲ್ಲಿ ಒಂಬತ್ತು ದಿನ ಇಂಥದೇ ಷರಾ. ಕೊನೆಯ ದಿನದ ಷರಾ: "ಬಂಟನಿಗೆ ಹಲ್ಲು ನೋವು ಅನ್ಸುತ್ತೆ. ತಾತನಿಗೆ ಹೇಳಬೇಕು."

ಪ್ರತಿಯೊಂದರ ಕೆಳಗೂ ನನ್ನ ಸಹಿ ಇತ್ತು. ನಾನು ಅಂಕಗಳನ್ನು ಮಾತ್ರ ನೋಡಿದ್ದೆ. ಹನ್ನೊಂದು ವರ್ಷದ ಹುಡುಗಿಯ ಮುಂದೆ ನನಗೆ ತಲೆ ಎತ್ತಲಾಗಲಿಲ್ಲ.

ಡಾಕ್ಟರು ತೋರಿಸಿದ್ದು

ಮರುದಿನ ಬೆಳಿಗ್ಗೆಯೇ ಪಶುವೈದ್ಯರ ಬಳಿಗೆ ಹೋದೆವು. ಅವರು ಬಂಟನ ಬಲಗಡೆಯ ಮೇಲ್ದುಟಿಯನ್ನು ಮೆಲ್ಲಗೆ ಎತ್ತಿದರು. ಎಂಟು ವರ್ಷಗಳಲ್ಲಿ ನಾನು ಒಂದು ಸಲವೂ ಎತ್ತಿ ನೋಡಿರಲಿಲ್ಲ. ಹಲ್ಲುಗಳ ಬುಡದಲ್ಲಿ ಕಂದು ಬಣ್ಣದ ಗಟ್ಟಿ ಪಾಚಿ, ಕೆಂಪಗೆ ಊದಿದ ವಸಡು. ಎಲ್ಲಕ್ಕಿಂತ ದೊಡ್ಡದಾದ ಅಗಿಯುವ ಹಲ್ಲು ಉದ್ದಕ್ಕೆ ಸೀಳಿಹೋಗಿತ್ತು. ಅದರ ಸುತ್ತ ಕೀವು.

ಡಾಕ್ಟರು ಮಕ್ಕಳಿಗೂ ಅರ್ಥವಾಗುವಂತೆ ವಿವರಿಸಿದರು. ನಮಗೆ 32 ಹಲ್ಲುಗಳಾದರೆ ದೊಡ್ಡ ನಾಯಿಗೆ 42. ಮರಿಗೆ 28 ಹಾಲುಹಲ್ಲು. ತಿಂದ ಮೇಲೆ ಹಲ್ಲಿನ ಮೇಲೆ ಬ್ಯಾಕ್ಟೀರಿಯಾಗಳ ತೆಳು ಪದರ ಕಟ್ಟುತ್ತದೆ. ಉಜ್ಜದಿದ್ದರೆ ಕೆಲವೇ ದಿನಗಳಲ್ಲಿ ಎಂಜಲಿನಲ್ಲಿರುವ ಲವಣಗಳು ಸೇರಿ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಮೇಲೆ ಬ್ಯಾಕ್ಟೀರಿಯಾ ವಸಡಿನ ಕೆಳಗೆ ಇಳಿಯುತ್ತದೆ. ವಾಸನೆ ಹುಟ್ಟುವುದು ಅಲ್ಲಿಂದ.

"ನಿಮ್ಮ ಪುದೀನ ಅಲ್ಲಿಗೆ ಹೋಗಲ್ಲ ಸಾರ್. ವಾಸನೆಯನ್ನ ಸ್ವಲ್ಪ ಹೊತ್ತು ಮುಚ್ಚುತ್ತೆ ಅಷ್ಟೆ" ಎಂದರು.

"ಆದರೆ ಊಟ ಬಿಟ್ಟಿರಲಿಲ್ಲವಲ್ಲ ಡಾಕ್ಟ್ರೇ?"

"ನಾಯಿಗಳು ಹಾಗೆಯೇ. ನೋವಿದ್ದರೂ ತಿಂತಾವೆ, ತೋರಿಸಿಕೊಳ್ಳಲ್ಲ."

ಆಮೇಲೆ, ಗಟ್ಟಿ ಪದಾರ್ಥ ಏನಾದರೂ ಅಗಿಯುತ್ತಿದ್ದನೇ ಎಂದು ಕೇಳಿದರು. ಪ್ರತಿ ಬೇಸಿಗೆಯಲ್ಲೂ ಬರೀ ಐಸುಗಡ್ಡೆ ಎಸೆದು, ಅವನು ಕಟಕಟ ಅಗಿಯುವುದನ್ನು ನೋಡಿ ನಗುತ್ತಿದ್ದೆವೆಂದು ಹೇಳಿದೆ. ಐಸು, ಮೂಳೆ, ಕಲ್ಲು, ಯಾವುದರಿಂದ ಹಲ್ಲು ಸೀಳಿತೆಂದು ಈಗ ಹೇಳಲಾಗದು ಎಂದರು. ಉಗುರಿನ ಪರೀಕ್ಷೆಯನ್ನು ಕಲಿಸಿದ್ದು ಅವರೇ. ಉಗುರಿಗೆ ಬಗ್ಗದ್ದನ್ನು ನಾಯಿಯ ಹಲ್ಲಿಗೆ ಕೊಡಬಾರದು.

ರಕ್ತಪರೀಕ್ಷೆ ಮಾಡಿಸಿ, ಅರಿವಳಿಕೆ ಕೊಟ್ಟು, ಸೀಳಿದ ಹಲ್ಲನ್ನೂ ಅಲುಗಾಡುತ್ತಿದ್ದ ಇನ್ನೆರಡನ್ನೂ ತೆಗೆದರು. ಉಳಿದವನ್ನು ಸ್ವಚ್ಛ ಮಾಡಿದರು. ಆ ಮೂರು ಗಂಟೆ ಹೊರಗಿನ ಬೆಂಚಿನ ಮೇಲೆ ಮೊಮ್ಮಗಳು ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ಅಮಲಿನಲ್ಲೇ ತೂರಾಡುತ್ತ ಬಂದ ಬಂಟ ಅವಳ ಮಡಿಲಲ್ಲಿ ತಲೆ ಇಟ್ಟ.

ಈಗ ನಾವು ಮಾಡುವುದು

ಗಾಯ ಮಾಗಿದ ಮೇಲೆ ಡಾಕ್ಟರ ಅನುಮತಿ ಪಡೆದು ಹಲ್ಲುಜ್ಜಲು ಆರಂಭಿಸಿದೆವು. ಮೊದಲ ಕೆಲವು ದಿನ ತುಟಿ ಎತ್ತಿ, ಬೆನ್ನು ತಟ್ಟಿ ಬಿಡುವುದಷ್ಟೆ. ಆಮೇಲೆ ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಒರೆಸುವುದು. ಅದು ರೂಢಿಯಾದ ಮೇಲೆ ಮೆತ್ತನೆಯ ಬ್ರಷ್ಷು, ನಾಯಿಗಳಿಗೆಂದೇ ಮಾಡಿದ ಪೇಸ್ಟು. ನಮ್ಮ ಪೇಸ್ಟು ಬಳಸಬಾರದು, ನಾಯಿಗೆ ಉಗುಳಲು ಬರುವುದಿಲ್ಲ. ಹಲ್ಲಿನ ಹೊರಮೈ ಉಜ್ಜಿದರೆ ಮುಖ್ಯ ಕೆಲಸ ಆದಂತೆ. ಒಂದೆರಡು ನಿಮಿಷ ಸಾಕು, ಆದರೆ ದಿನವೂ ಮಾಡಬೇಕು.

ಉಜ್ಜಿಸಿಕೊಂಡದ್ದಕ್ಕೆ ಬಹುಮಾನವಾಗಿ ಒಂದು ಪುದೀನ ಐಸು. ಬ್ರಷ್ಷು ಕಂಡರೆ ಬಂಟ ಈಗ ಓಡುವುದಿಲ್ಲ, ಫ್ರೀಜರಿನ ಮುಂದೆ ಬಂದು ಕೂರುತ್ತಾನೆ.

ಮರೆಯಬೇಡಿ

ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟು, ಕಾಫಿ ನಾಯಿಗೆ ಬೇಡವೇ ಬೇಡ. ಊಟದಲ್ಲಿ ಉಳಿದ ಮೊಸರುಬಜ್ಜಿಯನ್ನು ಐಸು ಮಾಡಲು ಹೋಗಬೇಡಿ, ಅದರಲ್ಲಿ ಈರುಳ್ಳಿ ಇರುತ್ತದೆ.

ಸಕ್ಕರೆರಹಿತ ಎಂದು ಬರೆದ ಚೂಯಿಂಗ್ ಗಮ್, ಮಿಠಾಯಿಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇರಬಹುದು. ಅದು ಸ್ವಲ್ಪವೇ ಆದರೂ ನಾಯಿಗೆ ಅಪಾಯ.

ಪುದೀನ ಎಣ್ಣೆ, ಮನುಷ್ಯರು ಬಾಯಿ ಮುಕ್ಕಳಿಸುವ ದ್ರಾವಣ ಬಳಸಬೇಡಿ.

ಬಾಯಿ ಮೂತ್ರದಂತೆ ನಾತ ಬಂದರೆ ಮೂತ್ರಪಿಂಡದ ತೊಂದರೆ, ಕೊಳೆತ ಹಣ್ಣಿನ ಸಿಹಿ ವಾಸನೆ ಬಂದರೆ ಸಕ್ಕರೆ ಕಾಯಿಲೆ ಇರಬಹುದು. ಒಂದೇ ಕಡೆ ಅಗಿಯುವುದು, ತುತ್ತು ಬೀಳಿಸುವುದು, ಕಣ್ಣಿನ ಕೆಳಗೆ ಊತ, ಎಂಜಲಿನಲ್ಲಿ ರಕ್ತ ಕಂಡರೆ ಐಸು ಮಾಡುತ್ತ ಕೂರದೆ ಮೊದಲು ಡಾಕ್ಟರಿಗೆ ತೋರಿಸಿ.

ರಜೆ ಮುಗಿಸಿ ಹೊರಡುವಾಗ ಮೊಮ್ಮಗಳು ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟಳು. "ಇನ್ಮೇಲೆ ನೀವು ಬರೀರಿ, ನಾನು ಸಹಿ ಹಾಕ್ತೀನಿ" ಎಂದಳು. ಈಗ ಪ್ರತಿ ಭಾನುವಾರ ಸಂಜೆ ಅವಳ ಫೋನು ಬರುತ್ತದೆ. ಅಂಕ ಹೇಳಲು ಹೋದರೆ, "ಅದು ಆಮೇಲೆ. ಮೊದಲು ಷರಾ ಓದಿ ತಾತ" ಎನ್ನುತ್ತಾಳೆ.

ಮಂಚದ ಕೆಳಗಿನಿಂದ ಬಂಟ ನೆಟ್ಟಗಿರುವ ಕಿವಿಯನ್ನು ಈ ಕಡೆ ತಿರುಗಿಸುತ್ತಾನೆ. ನಾನು ಓದುತ್ತೇನೆ. "ಸೋಮವಾರ, ಬೀಳಿಸಲಿಲ್ಲ. ಮಂಗಳವಾರ, ಬೀಳಿಸಲಿಲ್ಲ. ಬುಧವಾರ, ಇನ್ನೊಂದು ಬೇಕು ಅಂತ ಬೊಗಳಿದ."