ಎದೆನೋವು ಬಂದಾಗ ಬೆಳಗಾಗುವವರೆಗೆ ಕಾಯಬೇಡಿ



ಈ ಸಂಚಿಕೆಯಲ್ಲಿ ಕೊಳೆರೋಗದ ಬಗ್ಗೆಯಾಗಲಿ ಗೊಬ್ಬರದ ದಾಸ್ತಾನಿನ ಬಗ್ಗೆಯಾಗಲಿ ಬರೆಯದೆ ಎದೆನೋವಿನ ವಿಷಯವನ್ನು ಎತ್ತಿಕೊಂಡದ್ದಕ್ಕೆ ಕಾರಣವಿದೆ. ಕಳೆದ ಕಾಫಿ ಕುಯ್ಲಿನ ಕಾಲದಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರಿಗೆ ಸಂಜೆ ಆರು ಗಂಟೆಯ ಸುಮಾರಿಗೆ ಕಣದಲ್ಲಿ ನಿಂತಿದ್ದಾಗ ಎದೆ ಬಿಗಿದಂತಾಯಿತು. ಅದೇ ಹೊತ್ತಿಗೆ ಸಂಘದ ಕೆಲಸದ ಮೇಲೆ ನಾವು ಅವರಿಗೆ ಫೋನು ಮಾಡಿದ್ದೆವು. "ಎದೆ ಒತ್ತಿದ ಹಾಗಿದೆ, ಮಧ್ಯಾಹ್ನ ಊಟ ತಡವಾಯಿತು ನೋಡಿ" ಎಂದರು. "ಗ್ಯಾಸ್ಟ್ರಿಕ್ ಇರಬೇಕು, ಜೀರಿಗೆ ಕಷಾಯ ಕುಡಿದು ಮಲಗಿ" ಎಂದು ನಾವೂ ಹೇಳಿದೆವು. ಅವರು ಹಾಗೆಯೇ ಮಾಡಿದರು. ಬೆಳಗಿನ ಜಾವ ನಾಲ್ಕಕ್ಕೆ ಜೀಪು ಹೊರಟಿತು. ಆಸ್ಪತ್ರೆ ತಲುಪುವ ಮೊದಲೇ ಎಲ್ಲವೂ ಮುಗಿದಿತ್ತು.

ನಮ್ಮ ಘಟ್ಟದ ರಸ್ತೆಗಳನ್ನು ದೂರುವುದು ನಮಗೆಲ್ಲ ರೂಢಿ. ಆದರೆ ಅಂದು ರಸ್ತೆಗೆ ಬೇಕಾಗಿದ್ದುದು ಒಂದು ಗಂಟೆ. ಮನೆಯಲ್ಲಿ ಕಳೆದದ್ದು ಹತ್ತು ಗಂಟೆ. ನಾವು ವೈದ್ಯರಲ್ಲ. ಆ ಘಟನೆಯ ನಂತರ ವೈದ್ಯರನ್ನು ಕೇಳಿ ಅರಿತುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ತಿಳಿಸುತ್ತಿದ್ದೇವೆ.

ಎದೆಯಲ್ಲಿ ನೋವು ಬಂದ ಮಾತ್ರಕ್ಕೆ ಅದು ಹೃದಯದ್ದೇ ಎಂದು ಹೇಳಲಾಗದು. ಎದೆಗೂಡಿನೊಳಗೆ ಹೃದಯ, ಶ್ವಾಸಕೋಶ, ಅನ್ನನಾಳ, ದೊಡ್ಡ ರಕ್ತನಾಳಗಳು ಇವೆ. ಹೊರಗೆ ಪಕ್ಕೆಲುಬು, ಸ್ನಾಯುಗಳಿವೆ. ಬೋರ್ಡೊ ದ್ರಾವಣದ ಪಂಪನ್ನು ದಿನವಿಡೀ ಹೊತ್ತವರಿಗೆ, ಉದ್ದನೆಯ ದೋಟಿ ಹಿಡಿದು ಅಡಿಕೆ ಗೊನೆ ಇಳಿಸಿದವರಿಗೆ ಸ್ನಾಯು ಉಳುಕಿ ನೋವು ಬರುವುದುಂಟು. ಅಂಥ ನೋವು ಸಾಮಾನ್ಯವಾಗಿ ಒಂದೇ ಜಾಗದಲ್ಲಿದ್ದು, ಬೆರಳಿನಿಂದ ಒತ್ತಿದಾಗ ಅಥವಾ ಕೈ ಎತ್ತಿದಾಗ ಹೆಚ್ಚುತ್ತದೆ. ಹೊಟ್ಟೆಯ ಹುಳಿ ಅನ್ನನಾಳಕ್ಕೆ ಮೇಲೇರಿದರೆ ಎದೆಯುರಿ. ಇದು ಊಟದ ನಂತರ, ಮಲಗಿದಾಗ, ಬಗ್ಗಿದಾಗ ಜಾಸ್ತಿ. ಜ್ವರ, ಕೆಮ್ಮಿನೊಂದಿಗೆ ಉಸಿರೆಳೆದಾಗ ಚುಚ್ಚುವ ನೋವು ಶ್ವಾಸಕೋಶದ ಸೋಂಕಿನಿಂದ ಇರಬಹುದು. ಸರ್ಪಸುತ್ತಿನಲ್ಲಿ ಗುಳ್ಳೆ ಏಳುವ ಕೆಲ ದಿನ ಮುಂಚೆಯೇ ಪಕ್ಕೆಯಲ್ಲಿ ಉರಿ ಕಾಣಿಸಿಕೊಳ್ಳುತ್ತದೆ. ತೀವ್ರ ಗಾಬರಿಯಿಂದಲೂ ಎದೆ ಬಿಗಿಯುತ್ತದೆ.

ಪರಿಶ್ರಮ ಮಾಡಿದಾಗ ಎದೆ ಹಿಡಿದು, ಕೆಲ ನಿಮಿಷ ನಿಂತರೆ ಬಿಡುವ ನೋವು ಬೇರೆ ಬಗೆಯದು. ತೋಟದ ಏರು ಹತ್ತುವಾಗ ಹೀಗಾಗುತ್ತಿದ್ದರೆ ಹೃದಯಕ್ಕೆ ರಕ್ತ ಒಯ್ಯುವ ನಾಳ ಕಿರಿದಾಗಿರುವ ಸೂಚನೆ ಇರಬಹುದು. ಇಂಥವರು ತಡಮಾಡದೆ ವೈದ್ಯರನ್ನು ಕಾಣಬೇಕು. ಸುಮ್ಮನೆ ಕುಳಿತಾಗಲೂ ಬರತೊಡಗಿದರೆ ಅಂದೇ ಹೋಗಬೇಕು.

ಹೃದಯಾಘಾತವೆಂದರೆ ಆ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಲ್ಲುವುದು. ತೂಬು ಕಟ್ಟಿಕೊಂಡರೆ ಕೆಳಗಿನ ಗದ್ದೆ ಒಣಗುವಂತೆ, ಆ ಭಾಗದ ಹೃದಯದ ಮಾಂಸ ಸಾಯತೊಡಗುತ್ತದೆ. ಎದೆಯ ನಡುವೆ ಭಾರ ಇಟ್ಟಂತೆ, ಹಿಂಡಿದಂತೆ ಆಗುವುದು. ಎಡಗೈ, ಎರಡೂ ಕೈ, ದವಡೆ, ಬೆನ್ನು ಅಥವಾ ಹೊಟ್ಟೆಯ ಮೇಲ್ಭಾಗಕ್ಕೆ ಹರಡುವುದು. ತಣ್ಣನೆ ಬೆವರು, ವಾಂತಿ, ಉಸಿರುಕಟ್ಟು, ತಲೆಸುತ್ತು ಇದರ ಲಕ್ಷಣಗಳು. ತೇಗು ಬಂದು ಸ್ವಲ್ಪ ಹಗುರವಾಯಿತೆಂದು ಇದು ಹೃದಯಾಘಾತವಲ್ಲವೆಂದು ತೀರ್ಮಾನಿಸುವಂತಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರೀ ಉಸಿರುಕಟ್ಟು, ಬೆವರು, ವಿಪರೀತ ಸುಸ್ತು ಮಾತ್ರ ಇರಬಹುದು. ಬೆನ್ನಿನವರೆಗೆ ಸೀಳಿದಂಥ ಹಠಾತ್ ನೋವು, ಇದ್ದಕ್ಕಿದ್ದಂತೆ ಉಸಿರುಕಟ್ಟಿ ರಕ್ತ ಕೆಮ್ಮುವುದು ಕೂಡ ಅಷ್ಟೇ ಅಪಾಯಕಾರಿ.

ಹೀಗಾದಾಗ ಮಾಡಬೇಕಾದದ್ದು ಏನು? ಕೆಲಸ ನಿಲ್ಲಿಸಿ ಕುಳಿತುಕೊಳ್ಳಿ. ವಿಶ್ರಾಂತಿಯಲ್ಲೂ ನೋವು ಹತ್ತು ನಿಮಿಷದೊಳಗೆ ಹೋಗದಿದ್ದರೆ, ಅಥವಾ ಬೆವರು, ಉಸಿರುಕಟ್ಟು ಜೊತೆಗಿದ್ದರೆ ತಕ್ಷಣವೇ, 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವುದು ತಡವೆಂದಾದರೆ ನೆರೆಯವರ ವಾಹನದಲ್ಲಿ ಹೊರಡಿ. ನೋವಿದ್ದವರು ತಾವೇ ಜೀಪು ಓಡಿಸಬಾರದು, ರಸ್ತೆಯವರೆಗೆ ಏರು ಹತ್ತಿ ನಡೆಯಲೂ ಬಾರದು. ನೆರೆಮನೆಯವರಿಗೆ ಬರೆದುಕೊಟ್ಟ, ನಾಲಿಗೆಯಡಿ ಇಡುವ ಮಾತ್ರೆಯನ್ನು ಎರವಲು ತಂದು ಕೊಡಬೇಡಿ, ರಕ್ತದೊತ್ತಡ ಕುಸಿದೀತು. ಆಸ್ಪಿರಿನ್ ಮಾತ್ರೆ ಹಲವರಿಗೆ ಉಪಕಾರಿ, ಆದರೆ ರಕ್ತಸ್ರಾವದ ತೊಂದರೆ, ಅಲರ್ಜಿ ಇದ್ದವರಿಗೆ ಸಲ್ಲದು. ಫೋನಿನಲ್ಲಿ ಕೇಳಿಯೇ ಕೊಡಿ. ವ್ಯಕ್ತಿ ಕುಸಿದು ಬಿದ್ದು ಸರಿಯಾಗಿ ಉಸಿರಾಡದಿದ್ದರೆ ಎದೆಯ ಮಧ್ಯಭಾಗವನ್ನು ಎರಡೂ ಕೈಗಳಿಂದ ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು ಎರಡು ಅಂಗುಲ ಇಳಿಯುವಂತೆ ಒತ್ತುತ್ತಿರಬೇಕು.

ಆಸ್ಪತ್ರೆಯಲ್ಲಿ ಮೊದಲು ಇಸಿಜಿ ತೆಗೆಯುತ್ತಾರೆ. ಮೊದಲ ಇಸಿಜಿ ಸರಿಯಿದ್ದರೂ ವೈದ್ಯರು ಇರಿಸಿಕೊಂಡು ಮತ್ತೆ ತೆಗೆಯಬೇಕೆಂದರೆ ಮನೆಗೆ ಅವಸರ ಮಾಡಬೇಡಿ. 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ತೀರಿಕೊಂಡ ನಟ ಪುನೀತ್ ರಾಜಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆಯನ್ನು ತಂದಿದೆ. ಇದರಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡಿ ಸಲಹೆ ಕೊಡುತ್ತಾರೆ. ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡಲಾಗುತ್ತದೆ. ಈ ಚುಚ್ಚುಮದ್ದು ಮೊದಲ ಎರಡು ಮೂರು ಗಂಟೆಗಳಲ್ಲಿ ಸಿಕ್ಕರೆ ಫಲ ಹೆಚ್ಚು. 12 ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆಯೆಂದು ಈಗಲೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು.

2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಹಬ್ಬಿದಾಗ ನೋವೇನೂ ಇಲ್ಲದ ಸಾವಿರಾರು ಜನ ಗಾಬರಿಯಿಂದ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದ್ದನ್ನು ಕಂಡೆವು. ನಿಜವಾದ ನೋವು ಬಂದ ರಾತ್ರಿ ಮಾತ್ರ "ಯಾರನ್ನು ಎಬ್ಬಿಸುವುದು" ಎಂದು ಸಂಕೋಚಪಡುತ್ತೇವೆ. ರಕ್ತದೊತ್ತಡ, ಸಕ್ಕರೆಯನ್ನು ಕಾಲಕಾಲಕ್ಕೆ ನೋಡಿಸಿ ಮಾತ್ರೆ ತಪ್ಪಿಸದಿರುವುದು, ಬೀಡಿ ಸಿಗರೇಟು ಬಿಡುವುದು ಗಾಬರಿಗಿಂತ ಹೆಚ್ಚು ಪ್ರಯೋಜನಕಾರಿ. ಅಡಿಕೆ ಬೆಳೆಗಾರರಾದ ನಾವೇ ಹೇಳಬೇಕಾದ ಮಾತೆಂದರೆ, ಕವಳದೊಂದಿಗೆ ಹಾಕುವ ಹೊಗೆಸೊಪ್ಪು ಹೃದಯಕ್ಕೂ ಶತ್ರು.

ಪ್ರತಿ ಸದಸ್ಯರೂ 108, ಹತ್ತಿರದ ಆಸ್ಪತ್ರೆ, ರಾತ್ರಿ ಹೊರಡಬಲ್ಲ ಇಬ್ಬರು ವಾಹನದವರ ನಂಬರುಗಳನ್ನು ಗೋಡೆಯ ಮೇಲೆ ಬರೆದಿಡಬೇಕೆಂದು, ತೋಟದಲ್ಲಿ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆಂದು ಮನೆಯವರೆಲ್ಲರಿಗೂ ತಿಳಿಸಬೇಕೆಂದು ಕೋರುತ್ತೇವೆ. ಲೈನ್ ಮನೆಗಳಲ್ಲಿರುವ ಕೆಲಸಗಾರರಿಗೂ ಈ ವಿಷಯ ಓದಿ ಹೇಳಿ. ಅವರಿಗೆ ಎದೆನೋವು ಬಂದರೆ ವಾಹನ ಕೊಡಬೇಕಾದವರು ನಾವೇ.

ಸಂಘದ ಕಚೇರಿಗೆ ಫೋನು ಮಾಡಿದವರು ಎದೆ ಒತ್ತುತ್ತಿದೆ ಎಂದರೆ ಇನ್ನು ಮುಂದೆ ನಾವು ಕಷಾಯದ ಮಾತೆತ್ತುವುದಿಲ್ಲ. ಕೂಡಲೇ ಹೊರಡಿ ಎಂದಷ್ಟೇ ಹೇಳುತ್ತೇವೆ.

— ಕಾರ್ಯದರ್ಶಿ